ಹಳೇ ಕೇಸಿದ್ದರೆ ಆಂಬುಲೆನ್ಸ್ ಓಡಿಸೋ ಕೆಲಸ ಸಿಗುತ್ತಾ?

"ಸಾರ್, ನನ್ ಮೇಲೆ ಒಂದು ಹಳೇ ಕೇಸಿದೆ. ಮೊದ್ಲೇ ಹೇಳ್ಬಿಡ್ತೀನಿ."

ಆಂಬುಲೆನ್ಸ್‌ಗೆ ಡ್ರೈವರ್‌ಗಳನ್ನು ಆರಿಸಿ ತಯಾರು ಮಾಡುವುದು ನನ್ನ ಕೆಲಸ. ಹೀಗೆ ಬಾಯಿಬಿಟ್ಟು ಹೇಳುವವರು ಕಡಿಮೆ, ಮುಚ್ಚಿಡುವವರೇ ಜಾಸ್ತಿ. ಹೇಳಿದವರ ಮೇಲೆ ನನಗೆ ಅಲ್ಲೇ ಅರ್ಧ ನಂಬಿಕೆ ಬಂದಿರುತ್ತದೆ.

ಡ್ರೈವರ್‌ನ ಪೂರ್ತಿ ಜಾತಕ ಬರೆದಿರುವ ಒಂದೇ ಕಾಗದ ನಮ್ಮಲ್ಲಿ ಇಲ್ಲ. ಮೂರ್ನಾಲ್ಕು ಕಡೆ ಹುಡುಕಬೇಕು. ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ನಂಬರ್ ಹಾಕಿದರೆ ಲೈಸೆನ್ಸ್ ಯಾವ ಗಾಡಿಗೆ ಇದೆ, ಈಗ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ದಂಡಗಳು ಇ-ಚಲನ್‌ನಲ್ಲಿ ಸಿಗುತ್ತವೆ. ಎಫ್‌ಐಆರ್ ಇದ್ದರೆ ಪೊಲೀಸ್ ವೆರಿಫಿಕೇಷನ್‌ನಲ್ಲಿ ಹೊರಬರುತ್ತದೆ.

ಇಲ್ಲಿ ಒಂದು ಮಾತು. ಕ್ಯಾಮೆರಾ ಹಿಡಿದ ದಂಡ ಗಾಡಿ ನಂಬರ್‌ಗೆ ಬೀಳುತ್ತದೆ, ಓಡಿಸಿದವನ ಹೆಸರಿಗಲ್ಲ. ಬಾಡಿಗೆ ಕಾರು ಓಡಿಸಿದವರ ತಪ್ಪೆಲ್ಲ ಓನರ್ ಲೆಕ್ಕದಲ್ಲಿರುತ್ತದೆ. ಹಾಗೇ ಸ್ವಂತ ಕಾರನ್ನು ತಮ್ಮ ಓಡಿಸಿ ತಂದ ಚಲನ್ ಅಣ್ಣನ ತಲೆಗೆ ಬಂದಿರುತ್ತದೆ. ಅದಕ್ಕೇ ಪಟ್ಟಿ ಉದ್ದ ಇದೆ ಅಂತ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಕೂರಿಸಿ ಕೇಳುತ್ತೇನೆ.

ಸೀಟ್ ಬೆಲ್ಟ್, ಪಾರ್ಕಿಂಗ್ ದಂಡಗಳು ನನಗೆ ದೊಡ್ಡ ವಿಷಯ ಅಲ್ಲ. ಬಾಕಿ ಕಟ್ಟಿ ಬಾ ಅನ್ನುತ್ತೇನೆ, ಅಷ್ಟೇ. ಕುಡಿದು ಓಡಿಸಿದ್ದು ಬೇರೆ ಮಾತು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸ್ ಅಮಾನತೂ ಆಗಬಹುದು. ಆಂಬುಲೆನ್ಸ್‌ಗೆ ಕರೆ ಬರುವುದು ಮಧ್ಯರಾತ್ರಿಯೂ ಇರಬಹುದು, ಹಬ್ಬದ ದಿನವೂ ಇರಬಹುದು. ಇತ್ತೀಚೆಗೆ ಈ ಕೇಸಿನಲ್ಲಿ ಸಿಕ್ಕವರನ್ನು ನಾನು ತೆಗೆದುಕೊಳ್ಳುವುದಿಲ್ಲ. ಕಣ್ಣೀರು ಹಾಕಿದರೂ ಇಲ್ಲ. ಈ ಮಾತು ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಆದರೂ ಇಲ್ಲ.

ಇನ್ನೊಂದು ಸಿಗ್ನಲ್ ಜಂಪ್. "ಆಂಬುಲೆನ್ಸ್‌ಗೆ ಸಿಗ್ನಲ್ ಇಲ್ವಲ್ಲ ಸಾರ್, ಅದ್ಯಾಕೆ ನೋಡ್ತೀರಾ?" ಅಂತ ಹುಡುಗರು ಕೇಳುತ್ತಾರೆ. ಅದಕ್ಕೇ ನೋಡುತ್ತೇನೆ. ರೋಗಿ ತುರ್ತಿನಲ್ಲಿದ್ದಾಗ ಕೆಂಪು ದೀಪ ದಾಟಲು ಕಾನೂನು ಬಿಡುತ್ತದೆ. ಆದರೆ ಎಚ್ಚರಿಕೆಯಿಂದ, ಬೇರೆಯವರ ಜೀವಕ್ಕೆ ಅಪಾಯ ಆಗದ ಹಾಗೆ. ದಾರಿ ಬಿಡದವರಿಗೆ ಕಾನೂನಿನಲ್ಲಿ 10,000 ರೂಪಾಯಿ ದಂಡ ಇದೆ ನಿಜ. ಹಾಗಂತ ಅಡ್ಡ ಬರುವ ಬೈಕಿನವನಿಗೆ ಸೈರನ್ ಕೇಳಿಸಿದೆ ಅಂತ ನಂಬೋಕಾಗಲ್ಲ. ಅವನ ಕಿವಿಯಲ್ಲಿ ಇಯರ್‌ಫೋನ್ ಇರಬಹುದು. ಸೈರನ್ ಇಲ್ಲದೆಯೇ ನಾಲ್ಕು ಸಲ ಜಂಪ್ ಮಾಡಿದವನ ಕೈಗೆ ಸೈರನ್ ಕೊಟ್ಟರೆ ಏನಾಗುತ್ತದೆ? ನನಗೆ ಭಯ ಅಲ್ಲಿದೆ.

ಅಪಘಾತದ ಕೇಸುಗಳಲ್ಲಿ ಮಾತ್ರ ನಿಧಾನಿಸುತ್ತೇನೆ. ಹಿಂದೆ ಹಳೇ ದಂಡ ಸಂಹಿತೆಯ ಐಪಿಸಿ 279, ಈಗ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 281. ಅಡ್ಡಾದಿಡ್ಡಿ ಓಡಿಸಿದ ಆರೋಪ. ಸಣ್ಣ ಡಿಕ್ಕಿಗೂ ಈ ಕೇಸು ಬೀಳುತ್ತದೆ. ಖುಲಾಸೆ ಆಗಿದ್ದರೂ ಕೋರ್ಟಿನ ಆದೇಶದ ನಕಲು ಇಟ್ಟುಕೊಳ್ಳದೆ ಕೆಲಸ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ದಯವಿಟ್ಟು ಆ ನಕಲು ತೆಗೆದಿಟ್ಟುಕೊಳ್ಳಿ, ಲ್ಯಾಮಿನೇಟ್ ಮಾಡಿಸಿ. ಕೇಸು ಇನ್ನೂ ನಡೆಯುತ್ತಿದ್ದರೆ ಯಾವ ಕೋರ್ಟು, ಮುಂದಿನ ತಾರೀಖು ಯಾವಾಗ ಅಂತ ಬರೆದು ಕೊಡಿ. ಅರ್ಜಿಯಲ್ಲಿ "ಯಾವ ಕೇಸೂ ಇಲ್ಲ" ಅಂತ ಸುಮ್ನೆ ಟಿಕ್ ಹಾಕಿಬಿಟ್ಟರೆ, ಕೆಲಸಕ್ಕೆ ಸೇರಿದ ಮೇಲೂ ತೆಗೆಯುತ್ತಾರೆ. ಆಗ ತೆಗೆಯುವುದು ಕೇಸಿಗಲ್ಲ, ಸುಳ್ಳಿಗೆ.

ಮೊದಲು ಹೇಳಿದ ಹುಡುಗ ಹಾಗೆ ಮಾಡಲಿಲ್ಲ. ಗೂಡ್ಸ್ ಟೆಂಪೋ ಓಡಿಸುತ್ತಿದ್ದಾಗ ಸ್ಕೂಟರ್‌ಗೆ ತಗುಲಿಸಿದ್ದ, ಸವಾರನ ಕಾಲು ಮುರಿದಿತ್ತು. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದ. ಪ್ಲಾಸ್ಟಿಕ್ ಕವರಿನಿಂದ ಆದೇಶ, ರಸೀದಿ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ 6 ವರ್ಷ ಒಂದೂ ಕೇಸಿಲ್ಲ.

ಕಾಗದ ಮುಗಿದ ಮೇಲೆ ನಾನೊಂದು ಪರೀಕ್ಷೆ ಮಾಡುತ್ತೇನೆ. ಹಿಂದೆ ಸ್ಟ್ರೆಚರ್ ಮೇಲೆ ನಾನೇ ಮಲಗುತ್ತೇನೆ. ಬೆಲ್ಟ್ ಬಿಗಿದು, ಕಣ್ಣು ಮುಚ್ಚಿ. ಮಲಗಿದಾಗ ಪ್ರತಿ ಬ್ರೇಕೂ ತಲೆಗೆ, ಪ್ರತಿ ಹಂಪೂ ಬೆನ್ನಿಗೆ ಗೊತ್ತಾಗುತ್ತದೆ. ಬೆನ್ನುಮೂಳೆ ಮುರಿದವರಿಗೆ ಆ ಒಂದು ಎಗರು ಏನು ಮಾಡಬಹುದು ಅಂತ ಅಲ್ಲಿ ಮಲಗಿದರೇ ಅರ್ಥವಾಗುವುದು.

ಆ ದಿನ ಮೇಲೆ ಸಲೈನ್ ಬಾಟಲಿ ಅಷ್ಟೇನೂ ತೂಗಾಡಲಿಲ್ಲ. ಒಂದು ಕಡೆ ಗಾಡಿ ನಿಧಾನವಾಯಿತು. ಮುಂದಿನಿಂದ ಅವನ ದನಿ ಬಂತು: "ಹಂಪ್ ಇದೆ ಸಾರ್, ಗಟ್ಟಿಯಾಗಿ ಹಿಡ್ಕೊಳಿ."

ಹಾಗೆ ಹೇಳು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.