ಉಪವಾಸ ಕೂತು ಬದುಕುವ ಮಲೇರಿಯಾ

‘ಆ ಮಲೇರಿಯಾ ಮಾತ್ರೆ ನನ್ನ ಮೈಗೆ ಒಗ್ಗಿಹೋಗಿದೆ, ಅದಕ್ಕೇ ಈಗ ನಾಟುವುದಿಲ್ಲ’ ಎನ್ನುವವರು ನಮ್ಮಲ್ಲಿ ಬಹಳ. ಒಗ್ಗಿದ್ದು ಮೈಯಲ್ಲ, ಬದಲಾದದ್ದು ರಕ್ತದೊಳಗಿನ ಪ್ಲಾಸ್ಮೋಡಿಯಂ, ಅಂದರೆ ಮಲೇರಿಯಾ ತರುವ ಪರೋಪಜೀವಿ. ಜನ್ಮದಲ್ಲಿ ಒಂದು ಮಾತ್ರೆಯನ್ನೂ ನುಂಗದ ಮಗುವಿಗೆ ಸೊಳ್ಳೆ ಆ ಬದಲಾದ ಪರೋಪಜೀವಿಯನ್ನು ದಾಟಿಸಿದರೆ, ಆ ಮಗುವಿಗೂ ಮಾತ್ರೆ ನಾಟದು.

ಬದಲಾವಣೆ ಎಂಥದ್ದು? ಪ್ಲಾಸ್ಮೋಡಿಯಂ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದ ಮೇಲೆ ಉಳಿಯುವ ಹೀಮ್ ಎಂಬ ಕಬ್ಬಿಣದ ಭಾಗ ಅದಕ್ಕೇ ವಿಷ. ಮೀನು ಉಣ್ಣುವವರು ಮುಳ್ಳನ್ನು ತಟ್ಟೆಯ ಅಂಚಿಗಿಡುವ ಹಾಗೆ ಅದು ಹೀಮನ್ನು ಹರಳುಗಟ್ಟಿಸಿ ಬದಿಗಿಡುತ್ತದೆ. ಕ್ಲೋರೋಕ್ವಿನ್ ಎಂಬ ಹಳೆಯ ಮಲೇರಿಯಾ ಔಷಧ ಅದನ್ನು ಹರಳುಗಟ್ಟಲು ಬಿಡುವುದಿಲ್ಲ. ಮುಳ್ಳು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಪ್ಲಾಸ್ಮೋಡಿಯಂನ ಫಾಲ್ಸಿಪಾರಂ ಎಂಬ ಜಾತಿ ಕಂಡುಕೊಂಡ ಉಪಾಯ, ಒಂದು ಸಾಗಣೆ ಪ್ರೋಟೀನಿನ ತಿದ್ದುಪಡಿ. ಅದರ 76ನೇ ಸ್ಥಾನದಲ್ಲಿ ಲೈಸಿನ್ ಹೋಗಿ ಥ್ರಿಯೋನಿನ್ ಬಂದಿತು. ಅಂಬಿಗ ದೋಣಿಗೆ ನುಗ್ಗಿದ ನೀರನ್ನು ಮೊಗೆಮೊಗೆದು ಚೆಲ್ಲುವಂತೆ, ಆ ಪ್ರೋಟೀನು ಔಷಧವನ್ನು ಹೊರಚೆಲ್ಲತೊಡಗಿತು.

ಆರ್ಟೆಮಿಸಿನಿನ್ ಎಂಬ ಇನ್ನೊಂದು ಮಲೇರಿಯಾ ಔಷಧದ ಸಂಗತಿ ಇನ್ನೂ ಸೋಜಿಗದ್ದು. ಅದು ಪಟಾಕಿಯಿದ್ದಂತೆ; ಕಿಡಿ ಹಚ್ಚುವುದು ಹೀಮ್‌ನ ಕಬ್ಬಿಣ. ಹೊಟ್ಟೆಬಾಕ ಪರೋಪಜೀವಿ ತನ್ನ ಊಟದಿಂದಲೇ ಸುಟ್ಟುಹೋಗುತ್ತದೆ. ಆದರೆ ಕೆಲ್ಚ್13 ಎಂಬ ಪ್ರೋಟೀನು ಬದಲಾದ ತಳಿಗಳು ಎಳೆಯ ಹಂತದಲ್ಲಿ ಹಿಮೋಗ್ಲೋಬಿನ್ ಒಳಗೆಳೆಯುವುದನ್ನೇ ಕಡಿಮೆ ಮಾಡುತ್ತವೆ. ಒಲೆ ಹಚ್ಚದ ಮನೆಯಲ್ಲಿ ಕಿಡಿ ಎಲ್ಲಿಂದ ಬರಬೇಕು? ಈ ಔಷಧ ರಕ್ತದಲ್ಲಿ ನಿಲ್ಲುವುದು ಕೆಲವೇ ಗಂಟೆ. ಅಷ್ಟು ಹೊತ್ತು ಉಪವಾಸವಿದ್ದರೆ ಜೀವ ಉಳಿಯಿತು.

ಎರಡೂ ಕಥೆಗಳಲ್ಲಿ ಬರುವ ಊರು ಕಾಂಬೋಡಿಯಾದ ಪೈಲಿನ್. 1960ರ ದಶಕದ ಆರಂಭದಲ್ಲಿ ಅಲ್ಲಿ ಅಡುಗೆ ಉಪ್ಪಿಗೇ ಮಲೇರಿಯಾ ಔಷಧ ಬೆರೆಸಿ ಹಂಚಿದರು. ಸದುದ್ದೇಶದ ಕೆಲಸವೇ, ಆದರೆ ಚಿಟಿಕೆ ಚಿಟಿಕೆ ಔಷಧ ದಿನವೂ ಒಳಹೋದರೆ ತಡೆದುಕೊಳ್ಳಬಲ್ಲ ತಳಿಯನ್ನು ಆರಿಸಿ ಸಾಕಿದಂತೆ. ಕ್ಲೋರೋಕ್ವಿನ್ ನಾಟದ ಮಲೇರಿಯಾ 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ ಕಂಡಿತು. ಆ ದಶಕ ಮುಗಿಯುವುದರೊಳಗೆ ಆಫ್ರಿಕಕ್ಕೂ ಕಾಲಿಟ್ಟಿತು. ಆರ್ಟೆಮಿಸಿನಿನ್ ಸೋಲತೊಡಗಿದ್ದೂ ಪೈಲಿನ್ ಸೀಮೆಯಲ್ಲೇ. ಈಗ ರುವಾಂಡಾ, ಉಗಾಂಡಾಗಳಲ್ಲಿ ಇಂಥ ತಳಿಗಳು ತಾವಾಗಿಯೇ ಹುಟ್ಟಿಕೊಂಡಿವೆ. ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಇದು.

ಆದರೂ ಮಲಾವಿ ದೇಶವನ್ನು ನೆನೆದರೆ ಧೈರ್ಯ ಬರುತ್ತದೆ. 1993ರಲ್ಲಿ ಅಲ್ಲಿ ಕ್ಲೋರೋಕ್ವಿನ್ ಕೊಡುವುದನ್ನು ಬಿಟ್ಟರು. ಔಷಧವೇ ಇಲ್ಲದಾಗ ಮೊಗೆಯುವ ಅಂಬಿಗನಿಗಿಂತ ಹುಟ್ಟು ಹಾಕುವ ಅಂಬಿಗನೇ ಮುಂದೆ. ಹಳೆಯ ತಳಿಗಳು ಮರಳಿದವು. 2006ರಲ್ಲಿ ಪ್ರಕಟವಾದ, ಆ ದೇಶದ ಊರಾದ ಬ್ಲಾಂಟೈರ್‌ನ ಪ್ರಯೋಗದಲ್ಲಿ ಅದೇ ಕ್ಲೋರೋಕ್ವಿನ್ 99% ಮಕ್ಕಳನ್ನು ಗುಣಪಡಿಸಿತ್ತು.

ಮಲೇರಿಯಾ ಬಾರದಂತೆ ತಡೆಯುವ ಹೊಸ ಉಪಾಯಗಳ ಜಾಣತನವೆಲ್ಲ ಒಂದು ಲೆಕ್ಕದಲ್ಲಿದೆ. ಜ್ವರ ತೀವ್ರವಾದಾಗ ಮೈಯಲ್ಲಿ ಒಂದು ಲಕ್ಷ ಕೋಟಿ ಪರೋಪಜೀವಿಗಳಿರಬಹುದು. ಸೊಳ್ಳೆ ಒಳಬಿಟ್ಟದ್ದು ಕೆಲವು ಹತ್ತುಗಳಷ್ಟೆ. ಸಂತೆಯಲ್ಲಿ ಕಳ್ಳನನ್ನು ಹುಡುಕುವ ಬದಲು ಊರಬಾಗಿಲಲ್ಲೇ ಹಿಡಿಯಬೇಕು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಲಸಿಕೆ ನಮ್ಮ ಮೈಯಿಂದ ಮಾಡಿಸುವುದು ಈ ಬಾಗಿಲು ಕಾಯುವ ಕೆಲಸವನ್ನೇ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅದನ್ನು ಶಿಫಾರಸು ಮಾಡಿತು. ಎಲ್9ಎಲ್ಎಸ್ ಎಂಬ ಸಿದ್ಧ ಪ್ರತಿಕಾಯದ (ರೋಗಾಣುವನ್ನು ಹಿಡಿಯುವ ಪ್ರೋಟೀನು) ಒಂದೇ ಚುಚ್ಚುಮದ್ದು ಮಾಲಿಯ ಮಕ್ಕಳಲ್ಲಿ ಸುಮಾರು ಆರು ತಿಂಗಳು ಸೋಂಕನ್ನು 70%ರಷ್ಟು ತಡೆಯಿತು.

ಇವೆರಡೂ ಫಾಲ್ಸಿಪಾರಂ ವಿರುದ್ಧದ ಅಸ್ತ್ರಗಳು. ಮಂಗಳೂರಿನಲ್ಲಿ ಹೆಚ್ಚಾಗಿ ಕಾಡುತ್ತ ಬಂದ ಇನ್ನೊಂದು ಜಾತಿ, ವೈವಾಕ್ಸ್‌ಗೆ ಕ್ಲೋರೋಕ್ವಿನ್ ಇನ್ನೂ ನಾಟುತ್ತದೆ. ಆದರೆ ಅದರ ಮರಿಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ದೆಹೋಗುತ್ತವೆ. ಜ್ವರ ಮೂರೇ ದಿನಕ್ಕೆ ಬಿಟ್ಟರೂ ವೈದ್ಯರು 14 ದಿನಗಳ ಪ್ರೈಮಾಕ್ವಿನ್ ಬರೆದುಕೊಡುವುದು ಆ ನಿದ್ದೆಗಾರರಿಗಾಗಿ.