ಕಡಲಿಲ್ಲದ ಊರಿನ ರಫ್ತು

ಊರ ಹೆಸರಿನ ಎರಡು ಅಕ್ಷರಗಳಿಂದಾಗಿ ಒಮ್ಮೆ ನಮ್ಮ ಜೀನ್ಸ್ ಪ್ಯಾಂಟುಗಳು ಆರು ದಿನ ಬಂದರಿನಲ್ಲಿ ಬಿದ್ದಿದ್ದವು. 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾಯಿತು. ‘ಇ’ ಇದ್ದಲ್ಲಿ ‘ಎ’ ಬಂತು, ಕೊನೆಯ ‘ವೈ’ ಹೋಗಿ ‘ಐ’ ಆಯಿತು. ಕನ್ನಡದಲ್ಲಿ ನಮಗೆ ಎಂದೂ ಈ ಗೊಂದಲವಿರಲಿಲ್ಲ. ಆದರೆ ನನ್ನ ಗ್ರಾಹಕರ ಆಮದು–ರಫ್ತು ಕೋಡ್‌ನಲ್ಲಿ (ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಸಂಖ್ಯೆ) ಹಳೆಯ ಕಾಗುಣಿತ, ಜಿಎಸ್‌ಟಿ ನೋಂದಣಿಯಲ್ಲಿ ಹೊಸದು. ಒಂದೇ ಓಣಿ, ಒಂದೇ ಮನೆ ಸಂಖ್ಯೆ, ಊರು ಮಾತ್ರ ಎರಡು. ಅಲ್ಲಿಂದ ಪ್ರಶ್ನೆ ಬಂತು, ಇಲ್ಲಿಂದ ಪ್ರಮಾಣಪತ್ರ ಹೋಯಿತು, ಅಷ್ಟರಲ್ಲಿ ಹಡಗೂ ಹೋಯಿತು. ಆ ಸಲದ ಲಾಭವೆಲ್ಲ ಬಂದರಿನ ನೆಲಬಾಡಿಗೆಗೇ ಸಂದಾಯವಾಯಿತು.

ಬಳ್ಳಾರಿ, ಕೊಪ್ಪಳ, ರಾಯಚೂರಿನವರ ರಫ್ತು ಕಾಗದಪತ್ರ ನೋಡಿಕೊಳ್ಳುವುದೇ ನನ್ನ ಕಸುಬು. ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ, ‘ಆ ದೇಶದಲ್ಲಿ ಸುಂಕ ಎಷ್ಟು?’ ಸುಂಕ ಕಣ್ಣಿಗೆ ಕಾಣುವ ಖರ್ಚು, ಅದಕ್ಕೇ ಕೇಳುತ್ತಾರೆ. ಸಾಗಣೆ, ಕಾಯುವಿಕೆ, ಕಾಗದ, ಬ್ಯಾಂಕು, ಭಾಷೆ, ನಿಯಮಗಳ ತೊಡಕು ಎಲ್ಲವನ್ನೂ ಸೇರಿಸಿದರೆ ಅಭಿವೃದ್ಧಿಶೀಲ ದೇಶಗಳ ವ್ಯಾಪಾರ ವೆಚ್ಚ ಶೇ 219ರಷ್ಟು ಸುಂಕಕ್ಕೆ ಸಮ ಎಂದು ವಿಶ್ವ ವ್ಯಾಪಾರ ಸಂಸ್ಥೆ 2015ರ ವರದಿಯಲ್ಲಿ ಲೆಕ್ಕ ಕೊಟ್ಟಿತ್ತು. ಅಂದರೆ ನೂರು ರೂಪಾಯಿಯ ಸರಕಿನ ಮೇಲೆ 219 ರೂಪಾಯಿ ಸುಂಕ ಹಾಕಿದಂತೆ. ಶ್ರೀಮಂತ ದೇಶಗಳಲ್ಲಿ ಅದು ಶೇ 134.

ಇದನ್ನು ಇಳಿಸಲೆಂದೇ 2013ರಲ್ಲಿ ಬಾಲಿಯಲ್ಲಿ ವ್ಯಾಪಾರ ಸುಗಮೀಕರಣ ಒಪ್ಪಂದವಾಯಿತು. ಭಾರತ 2016ರ ಏಪ್ರಿಲ್‌ನಲ್ಲಿ ಒಪ್ಪಿತು, 2017ರ ಫೆಬ್ರುವರಿ 22ರಂದು ಅದು ಜಾರಿಗೆ ಬಂತು. ಅದರಲ್ಲಿ ಸುಂಕದ ಮಾತಿಲ್ಲ. ಸರಕು ಬರುವ ಮೊದಲೇ ಕಾಗದ ಪರಿಶೀಲಿಸಿ, ಶುಲ್ಕಗಳನ್ನು ಬಹಿರಂಗವಾಗಿ ಪ್ರಕಟಿಸಿ, ಹತ್ತು ಕಚೇರಿಯ ಕೆಲಸವನ್ನು ಒಂದು ಕಿಟಕಿಯಲ್ಲಿ ಮುಗಿಸಿ ಎನ್ನುತ್ತದೆ. ಪೂರ್ತಿ ಜಾರಿಯಾದರೆ ವ್ಯಾಪಾರ ವೆಚ್ಚ ಸರಾಸರಿ ಶೇ 14.3ರಷ್ಟು ಇಳಿಯಬಹುದು ಎಂಬುದು ಅದೇ ಸಂಸ್ಥೆಯ ಅಂದಾಜು.

ಆಫ್ರಿಕಾದ ಜಾಂಬಿಯಾ ಮತ್ತು ಜಿಂಬಾಬ್ವೆ ನಡುವಿನ ಚಿರುಂಡು ಗಡಿಯಲ್ಲಿ 2009ರಲ್ಲೇ ಇಂಥದ್ದೊಂದು ಆಗಿತ್ತು. ಎರಡೂ ದೇಶದವರು ಒಂದೇ ಕಡೆ ಕುಳಿತು ಲಾರಿ ತಪಾಸಣೆ ಮಾಡತೊಡಗಿದರು. ನಮ್ಮ ಲಾರಿ ಚಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬರುವವರೆಗೆ, ಬಳ್ಳಾರಿ ದಾಟಿ ಆಂಧ್ರದ ಮೇಲೆ ಚೆನ್ನೈಗೆ ಹೋಗುವ ಲಾರಿಗಳು ಚೆಕ್‌ಪೋಸ್ಟಿನ ಸಾಲಿನಲ್ಲಿ ನಿಲ್ಲುತ್ತಿದ್ದವು. ಈಗ ಆ ಸಾಲಿಲ್ಲ.

ಕಾಗದವೂ ಕಡಿಮೆಯಾಗಿದೆ. 2015ರಲ್ಲಿ ರಫ್ತಿಗೆ ಕಡ್ಡಾಯವಾದ ದಾಖಲೆಗಳನ್ನು ಮೂರಕ್ಕೆ ಇಳಿಸಿದರು. ಮೊದಲು ಮೊಹರು ಹಾಕಿಸಿದ ಕಾಗದದ ಚೀಲ ಹಿಡಿದು ರಾತ್ರಿ ರೈಲು ಹತ್ತುತ್ತಿದ್ದವನು ನಾನು. ಈಗ ಕಚೇರಿಯಲ್ಲೇ ಕುಳಿತು ಕಳುಹಿಸುತ್ತೇನೆ.

ಆದರೂ ನನ್ನದೊಂದು ತಕರಾರಿದೆ. ಈ ಇಳಿಕೆ ಎಲ್ಲರ ಅಂಗಳಕ್ಕೂ ಒಂದೇ ಅಳತೆಯಲ್ಲಿ ಬಂದಿಲ್ಲ. ಕಾರಟಗಿಯ ಗಿರಣಿಯವರು ಒಂದೇ ಶಿಪ್ಪಿಂಗ್ ಬಿಲ್‌ನಲ್ಲಿ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಇಪ್ಪತ್ತು ಕಂಟೇನರ್ ಅಕ್ಕಿ ಕಳುಹಿಸಬಹುದು. ಬಳ್ಳಾರಿಯಲ್ಲಿ ಎಂಟು ಹೊಲಿಗೆ ಯಂತ್ರ ಇಟ್ಟುಕೊಂಡವರು ಕಳುಹಿಸುವುದು ನಲವತ್ತು ಪೆಟ್ಟಿಗೆ. ಶಿಪ್ಪಿಂಗ್ ಬಿಲ್ ಇಬ್ಬರಿಗೂ ಒಂದೇ. ಏಜೆಂಟರ ಕೂಲಿ, ಸರಕು ಯಾವ ದೇಶದ್ದೆಂದು ಹೇಳುವ ಪ್ರಮಾಣಪತ್ರದ ಖರ್ಚು, ಬ್ಯಾಂಕಿನ ಶುಲ್ಕ ಸರಕು ಇಪ್ಪತ್ತು ಪಟ್ಟು ಹೆಚ್ಚಿತೆಂದು ಇಪ್ಪತ್ತು ಪಟ್ಟು ಹೆಚ್ಚುವುದಿಲ್ಲ. ಅಕ್ಕಿಯ ಕಿಲೋಗೆ ಹಂಚಿದರೆ ಪೈಸೆಯ ಲೆಕ್ಕ. ಪ್ಯಾಂಟಿಗೆ ಹಂಚಿದರೆ ಗುಂಡಿ, ಜಿಪ್ಪು, ದಾರದ ಖರ್ಚನ್ನೇ ಮೀರುತ್ತದೆ. ಕಸ್ಟಮ್ಸ್‌ನ ‘ವಿಶ್ವಾಸಾರ್ಹ ವ್ಯಾಪಾರಿ’ ಎನಿಸಿಕೊಂಡರೆ ತಪಾಸಣೆ ಕಡಿಮೆ. ಆದರೆ ಆ ಹೆಸರು ಸಿಗಲು ವರ್ಷಕ್ಕೆ ಇಂತಿಷ್ಟು ರವಾನೆಯಾಗಿರಬೇಕು. ಸಣ್ಣ ಉದ್ದಿಮೆಗಳಿಗೆ ಸಡಿಲಿಕೆ ಕೊಟ್ಟ ಮೇಲೂ ವರ್ಷಕ್ಕೆ ಮೂರು ಸಲ ಕಳುಹಿಸುವವರು ಹೊರಗೇ. ಮೊದಲು ದೊಡ್ಡವರಾಗಿ, ಆಮೇಲೆ ನಂಬುತ್ತೇವೆ ಎಂದಂತಾಯಿತು.

ಮೆಣಸಿನಕಾಯಿಯದೂ ಇದೇ ಕಥೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬೂಷ್ಟಿನಿಂದ ಹುಟ್ಟುವ ವಿಷ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ ಮೀರಿದರೆ ಯುರೋಪಿನ ಬಾಗಿಲು ಮುಚ್ಚಿತು. ಲಾಟ್ ಸಣ್ಣದಿದ್ದರೂ ದೊಡ್ಡದಿದ್ದರೂ ಪ್ರಯೋಗಾಲಯಕ್ಕೆ ಕಟ್ಟುವ ಶುಲ್ಕ ಅಷ್ಟೇ. ಸಿರುಗುಪ್ಪದ ಕಡೆ ಹೊಲದ ನೆಲಕ್ಕೆ ತಾಡಪಾಲು ಹಾಸಿ ಒಣಗಿಸಿದರೆ ಬೂಷ್ಟು ಹಿಡಿಯುವುದು ಎಷ್ಟೋ ತಪ್ಪುತ್ತದೆ.

ಇನ್ನು ಸರ್ಕಾರವೇ ಬಾಗಿಲು ಹಾಕಿದರೆ ಯಾವ ಏಕಗವಾಕ್ಷಿಯೂ ಕೆಲಸಕ್ಕೆ ಬಾರದು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು, ಮತ್ತೆ ತೆರೆದದ್ದು 2024ರ ಸೆಪ್ಟೆಂಬರ್ 28ರಂದು. ಅಷ್ಟು ದಿನ ಯಾವ ಖರೀದಿದಾರ ಕಾಯುತ್ತಾನೆ?

ಸಣ್ಣವರಿಗೆ ನಾನು ಹೇಳುವುದು, ಕೂಡಿ ಕಳುಹಿಸಿ. ಕೆಲವೇ ಪೊಟ್ಟಣಗಳಾದರೆ 2022ರಲ್ಲಿ ಶುರುವಾದ ಅಂಚೆ ಇಲಾಖೆಯ ರಫ್ತು ಕೇಂದ್ರಗಳಿವೆ. ಪೆಟ್ಟಿಗೆಗಳ ಲೆಕ್ಕವಾದರೆ ಮೂವರು ಸೇರಿ ಒಂದು ಕಂಟೇನರ್ ತುಂಬಬಹುದು. ಇದರಲ್ಲಿ ಒಂದು ಅಪಾಯವಿದೆ: ಒಬ್ಬರ ಕಾಗದ ತಪ್ಪಿದರೆ ಮೂವರ ಸರಕೂ ನಿಲ್ಲುತ್ತದೆ. ಅದಕ್ಕಾಗಿ ಲೋಡಿಂಗ್‌ನ ಹಿಂದಿನ ಸಂಜೆ, ನೀಲಿ ನೂಲಿನ ಧೂಳು ಹಾರುವ ಹೊಲಿಗೆ ಕೋಣೆಯಲ್ಲೇ ಎಲ್ಲರನ್ನೂ ಕೂರಿಸುತ್ತೇನೆ. ಒಬ್ಬರು ತಮ್ಮ ಕಾಗದ ಗಟ್ಟಿಯಾಗಿ ಓದಬೇಕು, ಪಕ್ಕದವರು ಕೈಯಲ್ಲಿರುವ ಪ್ರತಿಯ ಮೇಲೆ ಬೆರಳಿಟ್ಟು ನೋಡಬೇಕು. ಶುರು ಮಾಡುವುದು ಊರ ಹೆಸರಿನಿಂದಲೇ: ಬಿ, ಎ, ಎಲ್, ಎಲ್, ಎ, ಆರ್, ಐ.