ತೊಗರಿಗಿ ನೆಟೆ ಬಂದಂಗ: ಎಐ ತಪ್ಪು ಮತ್ತ ಡಾಕ್ಟರ್ ಪಾಲಿಸಿ

ಸೇಡಂ ಕಡಿ ಹಳ್ಳಿಯಿಂದ ಒಬ್ಬ ಅಜ್ಜ ಮೂರು ವಾರದ ಕೆಮ್ಮು ಅಂತ ಕಲಬುರಗಿ ದವಾಖಾನಿಗಿ ಬಂದಾನ ಅಂತ ಇಟ್ಕೋರಿ. ಎದಿ ಎಕ್ಸ್‌ರೇ ತೆಗೆದ್ರು, ಎಐ ಸಾಫ್ಟ್‌ವೇರ್ ನೋಡಿ ಟಿಬಿ ಇಲ್ಲ ಅಂತು, ಡಾಕ್ಟರ್ರು ಅದನ್ನ ನಂಬಿ ಮನಿಗಿ ಕಳಿಸಿದ್ರು, ನಾಕು ತಿಂಗಳಿಗಿ ಗೊತ್ತಾಯ್ತು ಟಿಬಿನೇ ಇತ್ತು ಅಂತ. ಕೇಸ್ ಬಿದ್ರ ಮೊದಲು ಬರೋದು ಸಹಿ ಹಾಕಿದ ಡಾಕ್ಟರ ಮ್ಯಾಲನೇ. ರೊಕ್ಕ ಕೊಟ್ಟು ತಗೊಳ್ಳೋ ಟ್ರೀಟ್‌ಮೆಂಟ್ ಗ್ರಾಹಕ ಕಾಯ್ದೆ ಒಳಗ ಬರ್ತದ ಅಂತ ಸುಪ್ರೀಂ ಕೋರ್ಟ್ 1995ರಾಗೇ ಹೇಳ್ಯಾದ, ಅದಕ್ಕೇ ಡಾಕ್ಟರ್ರು ಇಂಡೆಮ್ನಿಟಿ ಪಾಲಿಸಿ, ಅಂದ್ರ ಕೇಸ್ ಬಿದ್ರ ಪರಿಹಾರದ ರೊಕ್ಕ ಕೊಡೋ ಇನ್ಶೂರೆನ್ಸ್ ಮಾಡಸ್ತಾರ.

ಆದ್ರ ಖರೇ ಅಂದ್ರ ಸಾಫ್ಟ್‌ವೇರ್ "ಇಲ್ಲ" ಅನ್ನಂಗಿಲ್ಲ, ಅದು ಕೊಡೋದು ಒಂದು ಅಂಕಿ ಅಷ್ಟೇ. ಆ ಅಂಕಿ ಎಷ್ಟು ದಾಟಿದ್ರ ಟಿಬಿ ಅನುಮಾನ ಅಂತ ಯಾರೋ ಒಂದು ಗೆರಿ ಹಾಕಿರ್ತಾರ. ಗೆರಿ ಕೆಳಗ ಇಳಿಸಿದ್ರ ರೋಗ ತಪ್ಪಿಸ್ಕೊಳ್ಳೋದು ಕಡಿಮಿ ಆಗ್ತದ, ಆದ್ರ ಆರಾಮ ಇದ್ದವರೂ ಕಫ ಟೆಸ್ಟಿಗಿ ಓಡಾಡಬೇಕಾಗ್ತದ, ಮ್ಯಾಲ ಏರಿಸಿದ್ರ ಅಜ್ಜನಂಥವರು ತಪ್ಪಿ ಹೋಗ್ತಾರ. ವಿಶ್ವ ಆರೋಗ್ಯ ಸಂಸ್ಥೆ 2021ರಾಗ 15 ವರ್ಷ ಮೇಲ್ಪಟ್ಟವರ ಟಿಬಿ ಸ್ಕ್ರೀನಿಂಗ್‌ಗಿ ಇಂಥ ಸಾಫ್ಟ್‌ವೇರ್ ಬಳಸಬಹುದು ಅಂತ ಒಪ್ಪ್ಯಾದ, ಹಂಗಂತ ಬ್ಯಾರೆ ದೇಶದಾಗ ಹಾಕಿದ ಗೆರಿ ನಮ್ಮ ಮಂದಿಗಿ ಸರಿ ಹೊಂದ್ತದಂತಿಲ್ಲ, ಹಳೇ ಟಿಬಿ ಗಾಯದ ಗುರ್ತು ಉಳಿದ ಎದಿ ನಮ್ ಕಡಿ ಭಾಳ, ಅದರಿಂದ ಅಂಕಿ ಬದಲಾಗಬಹುದು.

ಇನ್ಶೂರೆನ್ಸಿಗಿ ಇಲ್ಲೇ ತ್ರಾಸ ಶುರು. ನೂರು ಡಾಕ್ಟರ್ರ ತಪ್ಪು ಒಬ್ಬೊಬ್ಬರದು ಒಂದೊಂದು ಥರ, ಒಂದೇ ದಿನ ಎಲ್ಲರೂ ತಪ್ಪಂಗಿಲ್ಲ, ಆ ಲೆಕ್ಕದ ಮ್ಯಾಲೇ ಪ್ರೀಮಿಯಂ ನಿಂತದ. ಒಬ್ಬನ ಹೊಲದಾಗ ಹಂದಿ ಹೊಕ್ಕು ತೊಗರಿ ಹಾಳಾದ್ರ ಊರು ಕೂಡಿ ತುಂಬಿಕೊಡಬಹುದು, ಆದ್ರ ನೆಟೆ ರೋಗ ಬಂದ್ರ ಎಲ್ಲರ ಹೊಲನೂ ಒಮ್ಮೇ ಒಣಗ್ತದ, ಯಾರು ಯಾರಿಗಿ ಕೊಡಬೇಕು? ಎಐ ತಪ್ಪು ನೆಟೆ ಇದ್ದಂಗ. ಒಂದೇ ಅಪ್‌ಡೇಟ್ ಕೆಟ್ರ ಬೀದರ್, ಯಾದಗಿರಿ, ಕಲಬುರಗಿ ಮೂರೂ ಕಡಿ ಅದೇ ಥರದ ಎಕ್ಸ್‌ರೇ ಒಂದೇ ವಾರದಾಗ ತಪ್ಪಾಗ್ತಾವ. ನಮ್ಮಲ್ಲಿ ಇಂಡೆಮ್ನಿಟಿ ಪಾಲಿಸಿದಾಗ ಒಂದು ಘಟನಾಕ್ಕ ಇಷ್ಟು, ವರ್ಷಕ್ಕ ಇಷ್ಟು ಅಂತ ಎರಡು ಮಿತಿ ಇರ್ತಾವ. ನಲವತ್ತು ಮಂದಿಗಿ ಒಂದೇ ಕಾರಣಕ್ಕ ತಪ್ಪಾದ್ರ ಅದು ಒಂದು ಘಟನಾನೋ ನಲವತ್ತೋ? ಒಂದೇ ಅಂದ್ರ ನಲವತ್ತೂ ಮಂದಿಗಿ ಸೇರಿ ಒಂದು ಘಟನಾದ ಮಿತಿ ಅಷ್ಟೇ. ಈ ಒಂದು ಪ್ರಶ್ನಿ ಮ್ಯಾಲ ಡಾಕ್ಟರ ಮನಿ ಉಳಿತದೋ ಹೋಗ್ತದೋ ಅನ್ನೋದು ನಿಂತದ.

ಅಮೆರಿಕದಾಗ 2018ರಾಗ ಪರವಾನಗಿ ಸಿಕ್ಕ ಐಡಿಎಕ್ಸ್-ಡಿಆರ್ ಅನ್ನೋ ಸಾಫ್ಟ್‌ವೇರ್ ಶುಗರ್ ಪೇಷೆಂಟ್‌ಗಳ ಕಣ್ಣು ನೋಡಿ ತಾನೇ ರಿಪೋರ್ಟ್ ಕೊಡ್ತದ, ಅದನ್ನ ಓದಲಿಕ್ಕ ಕಣ್ಣಿನ ಡಾಕ್ಟರ್ ಬೇಕಾಗಿಲ್ಲ, ಅದಕ್ಕ ಅದರ ತೀರ್ಪಿನ ಹೊಣಿ ಆ ಕಂಪನಿನೇ ಹೊತ್ತು ಇನ್ಶೂರೆನ್ಸೂ ತಗೊಂಡದ. ನಂಗ ಇದು ನ್ಯಾಯ ಅನಸ್ತದ, ಗೆರಿ ಹಾಕಿದವರು ಹೊರಗ ನಿಂತು ಸಹಿ ಹಾಕಿದವರೊಬ್ಬರೇ ಎಲ್ಲಾ ಹೊರೋದು ಸರಿ ಅಲ್ಲ. ನಮ್ ಕಡಿನೂ ಹಂಗ ಆಗೋತನಕ ಡಾಕ್ಟರ್ರೇ, ಪಾಲಿಸಿ ರಿನೀವಲ್ ಮಾಡೋ ಮೊದಲು ಎಐ ಬಳಸಿದ್ರ ಕವರ್ ಅದನೋ ಇಲ್ಲೋ ಅಂತ ಬರವಣಿಗಿದಾಗ ಕೇಳ್ರಿ. ಮತ್ತ ಕೇಸ್ ಪೇಪರ್ ಮ್ಯಾಲ ಸಾಫ್ಟ್‌ವೇರ್ ಹೆಸರು, ವರ್ಷನ್, ಕೊಟ್ಟ ಅಂಕಿ, ನೀವು ಯಾಕ ಒಪ್ಪಿದ್ರಿ ಇಲ್ಲಾ ಬಿಟ್ರಿ ಅಂತ ಎರಡು ಸಾಲು ಬರೀರಿ, ನಾಳಿ ಅಜ್ಜಗಾದ್ರೂ ನಿಮಗಾದ್ರೂ ಕೈಯಾಗ ಇರೋದು ಆ ಎರಡು ಸಾಲೇ.